ಡಬ್ಬಿ ಖಾಲಿ ಬಂತು

ನಾನು ಅರ್ಧಕ್ಕೆ ಬಿಟ್ಟ ವಿದ್ಯೆಗಳನ್ನೆಲ್ಲ ಒಂದು ಕಡೆ ಸೇರಿಸಿದರೆ ಸಣ್ಣದೊಂದು ವಿಶ್ವವಿದ್ಯಾಲಯವನ್ನೇ ತೆರೆಯಬಹುದು. ಹಾರ್ಮೋನಿಯಂ ಕಲಿಯಲು ಹೋದೆ. ಸರಳೆ ಮುಗಿಯುವ ಮೊದಲೇ ಪಕ್ಕದ ಮನೆಯವರ ತಾಳ್ಮೆ ಮುಗಿಯಿತು. ಟೈಪಿಂಗ್ ಕ್ಲಾಸಿಗೆ ಹೋದೆ. ಇವತ್ತಿಗೂ ನನ್ನ ಎಡಗೈ ಮಾತ್ರ ಸುಶಿಕ್ಷಿತ, ಬಲಗೈ ನಿರಕ್ಷರಿ. ಜರ್ಮನ್ ಭಾಷೆಯಲ್ಲಿ ‘ಶುಭ ಮುಂಜಾನೆ’ ಹೇಳುವುದರ ತನಕ ಬಂದು ನಿಂತೆ. ಹಾಗಾಗಿ ಜರ್ಮನಿಗೆ ಹೋದರೆ ನಾನು ಬೆಳಗಿನ ಹೊತ್ತು ಮಾತ್ರ ಬದುಕಬಲ್ಲೆ. ಈಜು ಕೂಡ ನನಗೆ ಬರುತ್ತದೆ, ನೀರಿಗೆ ಇಳಿಯುವ ತನಕ. ಮನೆಯಲ್ಲಿ ನನ್ನನ್ನು ಆರಂಭಶೂರ ಎನ್ನುತ್ತಾರೆ. ಶೂರ ಎಂಬ ಎರಡಕ್ಷರ ಅದರಲ್ಲಿ ಇದೆಯಲ್ಲ ಎಂದು ನಾನು ಸಮಾಧಾನ ಪಟ್ಟುಕೊಳ್ಳುತ್ತೇನೆ.

ಇದೇನೂ ಈ ಕಾಲದ ರೋಗವಲ್ಲ. ಒಬ್ಬ ಗುರುವಿನ ಹತ್ತಿರವೂ ನೆಟ್ಟಗೆ ನಿಲ್ಲದೆ ಹಾರಿಹೋಗುವ ಶಿಷ್ಯನಿಗೆ ಸಂಸ್ಕೃತದ ಹಳೆಯ ಪಂಡಿತರು ‘ತೀರ್ಥಕಾಕ’ ಎಂದು ಹೆಸರಿಟ್ಟಿದ್ದರಂತೆ. ತೀರ್ಥಕ್ಷೇತ್ರದ ಕಾಗೆ. ಬರುತ್ತದೆ, ಒಂದು ಗುಟುಕು ಕುಡಿಯುತ್ತದೆ, ಹಾರಿಹೋಗುತ್ತದೆ. ಹೆಸರು ಕೇಳಿದಾಗಿನಿಂದ ನನಗೆ ಆ ಕಾಗೆಯ ಮೇಲೆ ಒಂದು ಬಗೆಯ ಬಂಧುಪ್ರೇಮ. ಪಂಡಿತರು ಹೆಸರಿಟ್ಟರು, ಸರಿ. ಆದರೆ ಯಾಕೆ ಹಾರಿಹೋದೆಯಪ್ಪಾ ಎಂದು ಕಾಗೆಯನ್ನು ಯಾರೂ ಕೇಳಿದ ಹಾಗಿಲ್ಲ. ಅದನ್ನು ಕೇಳುವ ಕೆಲಸ ಮುಂದೆ ಪುಣೆಯಲ್ಲಿ ನನ್ನ ಪಾಲಿಗೇ ಬಂತು, ಸಂಬಳದ ಸಮೇತ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಪುಣೆಯ ಮನೆಮನೆಗೂ ಕಂಪ್ಯೂಟರ್ ಬರುತ್ತಿದ್ದ ಕಾಲ. ಹೊಸ ಸೊಸೆಯ ಹಾಗೆ ಅದಕ್ಕೊಂದು ಹೂವಿನ ಸೆರಗು ಹೊದಿಸಿ ಕೂರಿಸುತ್ತಿದ್ದರು. ಖಂಡೇನವಮಿಯ ಆಯುಧಪೂಜೆಯ ದಿನ ಅದರ ಹಣೆಗೂ ಕುಂಕುಮ ಬೀಳುತ್ತಿತ್ತು. ಕರ್ವೆ ರಸ್ತೆಯ ಒಂದು ಮಹಡಿಯ ಮೇಲೆ ನಮ್ಮ ಆಫೀಸು. ಅಲ್ಲಿಂದ ಇಂಟರ್‌ನೆಟ್ ಮೂಲಕ ಹಲವು ಬಗೆಯ ಕೋರ್ಸುಗಳು ಹೊರಡುತ್ತಿದ್ದವು: ಲೆಕ್ಕಪತ್ರ, ಮಾತಾಡುವ ಇಂಗ್ಲಿಷು, ಬಾಲವಾಡಿ ಶಿಕ್ಷಕಿಯರ ತರಬೇತಿ. ಸೇರುವವರು ಜಾತ್ರೆಯ ಹಾಗೆ ಸೇರುತ್ತಿದ್ದರು. ನಾಲ್ಕನೆಯ ಪಾಠಕ್ಕೆ ಬರುವಷ್ಟರಲ್ಲಿ ಅರ್ಧ ಜನ ಇರುತ್ತಿರಲಿಲ್ಲ. ನಾನು ವಿಜಾಪುರದವನು, ಕನ್ನಡ, ಮರಾಠಿ, ಹಿಂದಿ ಮೂರೂ ಬರುತ್ತವೆ, ದನಿಯೂ ಮೆತ್ತಗಿದೆ ಎಂದು, ಬಿಟ್ಟುಹೋದವರಿಗೆ ಫೋನು ಮಾಡಿ ಕಾರಣ ಕೇಳುವ ಕೆಲಸವನ್ನು ನಮ್ಮ ಸಾಹೇಬರು ನನಗೇ ಕೊಟ್ಟರು. ಊರಿನ ಎಲ್ಲ ಕ್ಲಾಸುಗಳನ್ನೂ ಅರ್ಧಕ್ಕೆ ಬಿಟ್ಟವನೇ ಈ ಕೆಲಸಕ್ಕೆ ಸಿಕ್ಕನಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಕಾರಣಗಳನ್ನು ಬರೆಯಲು ಸಾಹೇಬರು ಒಂದು ಹಾಳೆಯಲ್ಲಿ ಖಾನೆ ಹಾಕಿಕೊಟ್ಟಿದ್ದರು. ನೆಟ್ ತೊಂದರೆ, ಕರೆಂಟು, ಸಮಯ ಇಲ್ಲ, ಮನೆಯ ಅಡಚಣೆ. ಫೋನು ಮಾಡಿದರೆ ಸೊಲ್ಲಾಪುರದ ಹುಡುಗ ಹೇಳುತ್ತಿದ್ದ: “ಬಿಟ್ಟಿಲ್ರಿ ಸರ್, ನಡದದ್ರಿ.” ಪಾಠ ನಿಂತು ಆರು ತಿಂಗಳಾಗಿರುತ್ತಿತ್ತು. ಕೊಂಢವಾ ಬಡಾವಣೆಯ ಗುತ್ತಿಗೆದಾರನ ಮಗಳು, “ಅಕ್ಕನ ಲಗ್ನ ಅದ್ರಿ, ಅದಾದಮ್ಯಾಗ ಕೂಡತೀನ್ರಿ,” ಎನ್ನುತ್ತಿದ್ದಳು. ಬಿಟ್ಟೆ ಎಂದು ಒಬ್ಬರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಹೇಳುವುದಾದರೂ ಹೇಗೆ? ಬೇರೆಯವರ ಮನೆಯಿಂದ ಎದ್ದು ಹೊರಟಾಗಲೂ ನಾವು ‘ಬರ್ತೀನಿ’ ಎಂದೇ ಹೇಳುವವರು. ದೀಪ ಆರಿಸು ಎನ್ನುವುದಿಲ್ಲ, ದೊಡ್ಡದು ಮಾಡು ಎನ್ನುತ್ತೇವೆ. ಮುಗಿಯಿತು ಎಂಬುದನ್ನು ನಾಲಿಗೆಯ ಮೇಲೆ ತಂದುಕೊಳ್ಳದ ಈ ಜನಕ್ಕೆ ನಾನು ‘ಯಾಕೆ ಮುಗಿಸಿದಿರಿ’ ಎಂದು ಕೇಳಬೇಕಿತ್ತು.

ನನ್ನದೇ ಒಂದು ಸಿದ್ಧಾಂತವಿತ್ತು. ಆಗ ಇಂಟರ್‌ನೆಟ್ ಫೋನಿನ ತಂತಿಯಲ್ಲಿ ಬರುತ್ತಿತ್ತು. ಕಿರ್ರೋ ಎಂದು ಅರಚಿ, ಸಿಳ್ಳೆ ಹಾಕಿ, ಗುಟುರು ಹೊಡೆದು, ಕೊನೆಗೆ ಯಾರೋ ಸಮಾಧಾನ ಮಾಡಿದ ಹಾಗೆ ಸುಮ್ಮನಾಗುತ್ತಿತ್ತು. ಆಮೇಲೆ ಪಾಠದ ಚಿತ್ರ ಮೇಲಿನಿಂದ ಕೆಳಕ್ಕೆ ನಿಧಾನ ಇಳಿಯುತ್ತಿತ್ತು. ಮೊದಲು ಒಂದು ಎಳೆ ಆಕಾಶ. ಆಮೇಲೆ ಮರದ ತುದಿ. ಮರ ಪೂರ್ತಿ ಬರುವಷ್ಟರಲ್ಲಿ ಕೂತವರ ಮನಸ್ಸು ಬೇರೆ ಇನ್ನಾವುದೋ ಮರದ ಕೆಳಗೆ ಹೋಗಿ ಮಲಗಿರುತ್ತಿತ್ತು. ಮಧ್ಯಾಹ್ನದ ಹೊತ್ತು, ಮೇಲೆ ಪಂಖ ತಿರುಗುತ್ತಿದೆ, ಹೊರಗೆ ಯಾರದೋ ಪ್ರೆಶರ್ ಕುಕ್ಕರು ಕೂಗುತ್ತಿದೆ, ಮುಂದೆ ಅರ್ಧ ಮರ. ಇಂಥ ಹೊತ್ತಿನಲ್ಲಿ ಯಾರು ಪಾಠ ಕಲಿತಾರು? ಜನ ಕೋರ್ಸು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ, ಕಾಯುತ್ತಾ ಕಾಯುತ್ತಾ ಕನಸಿಗೆ ಜಾರುತ್ತಾರೆ, ತಿರುಗಿ ಬರುವ ದಾರಿ ಮರೆಯುತ್ತಾರೆ ಎಂದು ನಾನು ನಂಬಿದ್ದೆ. ಸಾಹೇಬರ ಹಾಳೆಯಲ್ಲಿ ಕನಸಿಗೆ ಖಾನೆ ಇರಲಿಲ್ಲ. ನಾನು ಅಂಥವರನ್ನೆಲ್ಲ ‘ನೆಟ್ ತೊಂದರೆ’ಯಲ್ಲಿ ಹಾಕುತ್ತಿದ್ದೆ.

ಈ ಸಿದ್ಧಾಂತವನ್ನು ಒಡೆದು ಹಾಕಿದವಳು ನನ್ನ ಹೆಂಡತಿ ಸುಶೀಲಾ.

ಕೋಥರೂಡದ ನಮ್ಮ ಹೌಸಿಂಗ್ ಸೊಸೈಟಿಯ ಕೆಳಮಹಡಿಯಲ್ಲಿ ಒಂದು ಬಾಲವಾಡಿ ಇತ್ತು. ಅಲ್ಲಿನ ಶಿಕ್ಷಕಿ ಗಂಡನಿಗೆ ವರ್ಗವಾಗಿ ನಾಗಪುರಕ್ಕೆ ಹೊರಟಿದ್ದರು. ಸುಶೀಲಾ ಬಿಡುವಾದಾಗಲೆಲ್ಲ ಅಲ್ಲಿಗೆ ಹೋಗಿ ಮಕ್ಕಳ ಮೂಗು ಒರೆಸಿ, ಹಾಡು ಹೇಳಿಸಿ ಬರುವವಳು. ನಮಗೆ ಮಕ್ಕಳಿರಲಿಲ್ಲ, ಆ ಮಾತನ್ನು ನಾವಿಬ್ಬರೂ ಆಗಲೇ ಆಡುವುದು ಬಿಟ್ಟಿದ್ದೆವು. ಆ ಜಾಗ ತನಗೆ ಸಿಗಬೇಕೆಂದು ಅವಳು ಎಷ್ಟು ಆಸೆಪಟ್ಟಳೆಂದರೆ, ಆಸೆಯನ್ನು ನನ್ನ ಮುಂದೆ ಒಂದೇ ಸಲ ಹೇಳಿದಳು, ಮತ್ತೆ ಹೇಳಲು ಹೆದರಿದಳು. ಸೊಸೈಟಿಯವರದು ಒಂದೇ ಶರತ್ತು: ಜೂನ್ ಒಳಗೆ ತರಬೇತಿಯ ಸರ್ಟಿಫಿಕೇಟು ಬೇಕು. ಇಲ್ಲವಾದರೆ ಹೊರಗಿನವರು ಬರುತ್ತಾರೆ. ನಮ್ಮ ಆಫೀಸಿನದೇ ಕೋರ್ಸು ಇತ್ತು, ಮನೆಯಲ್ಲೇ ಕಂಪ್ಯೂಟರ್ ಇತ್ತು. ಸೇರಿದಳು.

ಪ್ರತಿ ಪಾಠದ ಕೊನೆಗೆ ಒಂದು ಪ್ರಶ್ನೆ. ಉತ್ತರವನ್ನು ಮರಾಠಿಯಲ್ಲಿ, ಆದರೆ ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟಿ ಕಳಿಸಬೇಕು. ಸುಶೀಲಾ ಯೋಚಿಸುವುದು ತವರೂರು ಮುಧೋಳದ ಕನ್ನಡದಲ್ಲಿ. ಹೀಗೆ ಮೂರು ಭಾಷೆ ದಾಟಿ ಬರುವಷ್ಟರಲ್ಲಿ ಒಂದೊಂದು ಉತ್ತರಕ್ಕೂ ಬೆವರು ಬಂದಿರುತ್ತಿತ್ತು. ಪಾಠದ ಮೇಲೆ ಅದನ್ನು ಬರೆದ ಕುಸುಮಬಾಯಿಯವರ ಸಣ್ಣ ಚಿತ್ರ. ಅದೂ ಮೇಲಿನಿಂದ ಇಳಿಯುತ್ತಿತ್ತು: ಮೊದಲು ಬಿಳಿಕೂದಲು, ಆಮೇಲೆ ಹಣೆ, ಕುಂಕುಮ, ದಪ್ಪ ಕನ್ನಡಕ. ನಗು ಬರುವ ತನಕ ಸುಶೀಲಾ ಕಾಯುತ್ತಿದ್ದಳು. ನಗು ಬಂದಮೇಲೆ ಪಾಠ ಶುರು.

ಅವಳು ಕಲಿಯುವ ಹೊತ್ತಿಗೆ ನಾನು ಆಫೀಸಿನಿಂದ ಮನೆಗೆ ಫೋನು ಹಚ್ಚಿದರೆ ಎಂಗೇಜ್ ಬರುತ್ತಿತ್ತು, ತಂತಿಯೆಲ್ಲ ಪಾಠಕ್ಕೇ ಹೋಗಿರುತ್ತಿತ್ತಲ್ಲ. ಲೋಕದಲ್ಲಿ ಎಂಗೇಜ್ ಟೋನ್ ಕೇಳಿ ಸಂತೋಷಪಟ್ಟ ಗಂಡ ನಾನೊಬ್ಬನೇ ಇರಬೇಕು. ಊಟದ ನಂತರ ಸುಮ್ಮನೆ ಒಮ್ಮೆ ಹಚ್ಚುತ್ತಿದ್ದೆ. ಟೂಂ ಟೂಂ ಎನ್ನುತ್ತಿತ್ತು. ಕಣ್ಣು ಮುಚ್ಚಿ ಕೇಳುತ್ತಿದ್ದೆ. ಅಲ್ಲಿ ಕುಸುಮಬಾಯಿಯ ಹಣೆ ಇಳಿಯುತ್ತಿದೆ, ಇವಳು ಗಲ್ಲಕ್ಕೆ ಕೈಕೊಟ್ಟು ಕೂತಿದ್ದಾಳೆ, ಕಿಟಕಿಯ ಹೊರಗೆ ಗುಲ್‌ಮೊಹರಿನ ಎಸಳು ಬೀಳುತ್ತಿವೆ. ಹಾಡಿನ ಹಾಗಿರುತ್ತಿತ್ತು.

ಒಂದು ದಿನ ಸುಶೀಲಾ ಶೇಂಗಾ ಹೋಳಿಗೆ ಮಾಡಿ, ಸ್ಟೀಲಿನ ಡಬ್ಬಿಯಲ್ಲಿ ಹಾಕಿ, “ಬಾಯಿಯವರಿಗೆ ಮುಟ್ಟಸ್ರಿ,” ಎಂದಳು. ಕಲಿಸುವವರಿಗೆ ಬರಿಗೈಲಿ ಇರಬಾರದು ಎಂದು ಅವಳ ಲೆಕ್ಕ. ಕುಸುಮಬಾಯಿ ಎಲ್ಲಿದ್ದಾರೋ ನನಗೆ ತಿಳಿಯದು; ಬೇರೆ ಯಾವುದೋ ಶಾಖೆಯಲ್ಲಿ ಇರಬೇಕು ಎಂದುಕೊಂಡಿದ್ದೆ. ಸಾಹೇಬರ ಮೇಜಿನ ಮೇಲಿಟ್ಟು, ಬಾಯಿಯವರಿಗೆ ಕಳಿಸಿಕೊಡಿ ಎಂದೆ. ಅವರು ಫೋನಿನಲ್ಲಿದ್ದರು, ತಲೆ ಆಡಿಸಿದರು. ಮರುದಿನ ಸಂಜೆ ಡಬ್ಬಿ ನನ್ನ ಮೇಜಿನ ಮೇಲಿತ್ತು. ತೊಳೆದು, ಒರೆಸಿ, ಫಳಫಳ ಹೊಳೆಯುತ್ತ. ಮನೆಗೆ ತಂದು ಅಡುಗೆಕಟ್ಟೆಯ ಮೇಲಿಟ್ಟೆ. ಸುಶೀಲಾ ಮುಚ್ಚಳ ತೆಗೆದಳು, ಒಳಗೆ ನೋಡಿದಳು, ಮುಚ್ಚಿದಳು. ನಾನು ಪೇಪರು ಓದುತ್ತಿದ್ದೆ.

ಅಂದಿನಿಂದ ಮನೆಯ ಫೋನು ಎಂಗೇಜ್ ಬರುವುದು ನಿಂತಿತು. ಹಚ್ಚಿದರೆ ಎರಡನೆಯ ರಿಂಗಿಗೇ ಎತ್ತುತ್ತಿದ್ದಳು. ಅಷ್ಟು ಸರಾಗವಾಗಿ ಸಿಗುವುದು ನನಗೆ ಹಿಡಿಸಲಿಲ್ಲ. ಕೇಳಿದರೆ, “ನಡದದ,” ಎನ್ನುತ್ತಿದ್ದಳು. ಸೊಲ್ಲಾಪುರದ ಹುಡುಗನ ದನಿಯೇ ಅದರಲ್ಲಿ ಕೇಳಿಸಿದ ಹಾಗಾಯಿತು. ಏಪ್ರಿಲ್ ಮುಗಿಯುತ್ತ ಬಂದಿತ್ತು. ಜೂನ್ ಏನು ದೂರವಿತ್ತೇ?

ಹಾಗಿರುವಾಗ ಒಂದು ದಿನ ಆಫೀಸಿನಲ್ಲಿ, ಫೋನು ಮಾಡಬೇಕಾದವರ ಸಾಲಿನಲ್ಲಿ ಸುಶೀಲಾಳ ಹೆಸರೂ ಬಂತು. ಏನು ಮಾಡಲಿ? ಮನೆಗೆ ಹೋಗಿ ಗಂಡನಾಗಿ ಕೇಳಿದರೆ ‘ನಡದದ’ ಎಂಬುದೇ ಉತ್ತರ. ಗಂಟಲು ಸರಿಮಾಡಿಕೊಂಡು ಫೋನು ಹಚ್ಚಿದೆ.

“ನಮಸ್ಕಾರ್ರಿ. ಬಾಲವಾಡಿ ಕೋರ್ಸಿನ ಆಫೀಸಿನಿಂದ ಮಾತಾಡೋದ್ರಿ. ಸುಶೀಲಾಬಾಯಿ ಅವರೇನ್ರಿ?”

ನಕ್ಕುಬಿಡುತ್ತಾಳೆ ಎಂದುಕೊಂಡೆ. ನಗಲಿಲ್ಲ.

“ಹೌದ್ರಿ. ಹೇಳ್ರಿ,” ಎಂದಳು.

“ನಿಮ್ಮ ಪಾಠ ನಿಂತಾವ್ರಿ. ಕಾರಣ ಏನ್ರಿ? ನೆಟ್ ತ್ರಾಸ ಅದೇನ್ರಿ?”

“ಇಲ್ರಿ.”

“ಕರೆಂಟು?”

“ಇಲ್ರಿ.”

“ಮನ್ಯಾಗ ಏನರ ಅಡಚಣಿ?”

“ಮನ್ಯಾಗ ಒಬ್ರು ಅದಾರ್ರಿ. ಮನಿಗೆ ಬಂದ್ರ ಪೇಪರ್ ಓದತಾರ್ರಿ. ಅಡಚಣಿ ಅಂತೂ ಅಲ್ರಿ.”

ಖಾನೆಗಳು ಮುಗಿದವು. ಹಾಳೆಯಲ್ಲಿ ಇಲ್ಲದ ಪ್ರಶ್ನೆ ಕೇಳಬೇಕಾಯಿತು. “ಹಂಗಾರ ಯಾಕ ಬಿಟ್ರಿ?”

“ಡಬ್ಬಿ ಖಾಲಿ ಬಂತ್ರಿ,” ಎಂದಳು ಸುಶೀಲಾ. ಆಮೇಲೆ ತಡೆಯಲಿಲ್ಲ. “ನಮ್ಮ ಕಡೆ ಯಾರರ ಡಬ್ಬಿ ಕೊಟ್ರ ಖಾಲಿ ತಿರುಗಿ ಕೊಡಂಗಿಲ್ರಿ. ಏನೂ ಇಲ್ಲಂದ್ರ ಒಂದ ಚಮಚ ಸಕ್ರಿನರ ಹಾಕತಾರ. ನಾ ಪ್ರತಿ ಪಾಠಕ್ಕ ಎಷ್ಟ ಯೋಚನಿ ಮಾಡಿ ಉತ್ರಾ ಕಳಿಸೇನ್ರಿ. ‘ನಿಮ್ಮ ಉತ್ತರ ತಲುಪಿದೆ, ಧನ್ಯವಾದ, ಮುಂದಿನ ಪಾಠಕ್ಕೆ ಹೋಗಿ’ ಅಂತ ಅಷ್ಟ ಬರ್ತದ. ಸರಿ ಅದನೋ ತಪ್ಪ ಅದನೋ, ಏನೂ ಇಲ್ಲ. ಡಬ್ಬಿಯೊಳಗರ ಏನರ ಬರ್ತದ ಅಂತ ನೋಡಿದೆ. ಅದೂ ತೊಳದ ಬಂತು. ನನ್ನ ಉತ್ರಾ ಬಾಯಿಯವರ ಮನಸಿಗೆ ಬಂದಿಲ್ಲಂತ ತಿಳಕೊಂಡೆ. ನನಗ ಈ ಕೆಲಸ ಬರಂಗಿಲ್ಲಂತ ಅವರ ಹೇಳಿದಂಗ ಆತ್ರಿ.”

“ಬರ್ಕೊಂಡ್ರೇನ್ರಿ?” ಎಂದು ಅವಳೇ ಕೇಳಿದಳು. ಬರೆದುಕೊಂಡೆ ಎಂದೆ. ನಿಜವಾಗಿಯೂ ಬರೆದಿದ್ದೆ. ಯಾವ ಖಾನೆಗೂ ಸೇರದೆ, ಹಾಳೆಯ ಅಂಚಿನಲ್ಲಿ: ಡಬ್ಬಿ ಖಾಲಿ ಬಂತು.

ಹಾಳೆ ನೋಡಿ ಸಾಹೇಬರು ಇದೇನು ಎಂದರು. ವಿವರಿಸಿದೆ. ಅವರಿಗೆ ಹೋಳಿಗೆ ನೆನಪಾಯಿತು. ಅಯ್ಯೋ, ಅದು ಆಫೀಸಿಗೆ ಅಂತ ತಿಳಿದು ನಾವೇ ತಿಂದೆವಲ್ಲ, ಬಹಳ ಚೆನ್ನಾಗಿತ್ತು ಎಂದು ಪೇಚಾಡಿದರು. ಕುಸುಮಬಾಯಿ ಎಲ್ಲಿ ಎಂದೆ. ಪಾಠ ಬರೆದುಕೊಟ್ಟು ಎರಡು ವರ್ಷವಾಯಿತು, ಊರಾಚೆ ನಿಗಡಿಯಲ್ಲಿ ಇದ್ದಾರೆ ಎಂದರು. ಹಾಗಾದರೆ ಉತ್ತರಗಳನ್ನು ಯಾರು ನೋಡುತ್ತಾರೆ? ಕಂಪ್ಯೂಟರ್ ನೋಡುತ್ತದೆ. ಏನು ನೋಡುತ್ತದೆ? ಬಂತೋ ಇಲ್ಲವೋ ಎಂದು ನೋಡುತ್ತದೆ. ಸಾಹೇಬರು ಕೆಟ್ಟವರಲ್ಲ. ಹೇಳುತ್ತ ಹೇಳುತ್ತ ಅವರ ದನಿಯೇ ಸಣ್ಣಗಾಯಿತು.

ಸಂಜೆ ಮನೆಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆ ಕಡೆ ಯಾರೂ ಇಲ್ಲ, ಮೊದಲಿನಿಂದಲೂ ಇರಲಿಲ್ಲ. ಸಿಟ್ಟಾಗುತ್ತಾಳೆ, ಇನ್ನು ಆ ಕಂಪ್ಯೂಟರಿನ ಮೇಲೆ ಸೆರಗು ಹೊದಿಸಿ ಕೈ ತೊಳೆದುಕೊಳ್ಳುತ್ತಾಳೆ ಎಂದುಕೊಂಡೆ. ಅವಳು ಶೇಂಗಾ ಹುರಿಯಲು ಬಾಣಲೆ ಇಟ್ಟಳು.

“ಪಾಪ,” ಎಂದಳು. “ಹಂಗಾರ ಆ ಬಾಯಿಯವರು ಇಷ್ಟ ಪ್ರಶ್ನಿ ಕೇಳಿ ಕುಂತಾರ. ಅವರಿಗೂ ಯಾರೂ ಏನೂ ಕಳಿಸೇ ಇಲ್ಲ.”

ಭಾನುವಾರ ನಾನು ನಿಗಡಿಯ ಬಸ್ಸು ಹತ್ತಿದೆ. ಚೀಲದಲ್ಲಿ ಹೋಳಿಗೆಯ ಡಬ್ಬಿ, ಸುಶೀಲಾಳ ಉತ್ತರಗಳನ್ನು ಆಫೀಸಿನಲ್ಲಿ ಪ್ರಿಂಟು ತೆಗೆದ ಹಾಳೆಗಳು. ನೀನೂ ಬಾ ಎಂದಿದ್ದೆ. “ನಾ ಬಂದ್ರ ಶಾಬಾಸಕಿ ಕೇಳಾಕ ಬಂದಂಗ ಆಗ್ತದ,” ಎಂದು ನಿಂತುಬಿಟ್ಟಳು. ಬಸ್ಸಿನ ಕಿಟಕಿಯಲ್ಲಿ ಕಾರಖಾನೆಗಳ ಉದ್ದುದ್ದ ಗೋಡೆಗಳು, ನಡುನಡುವೆ ಬೇವಿನ ಮರಗಳು ತೇಲಿ ಹೋಗುತ್ತಿದ್ದವು. ನನಗೋ ಒಂದೇ ಚಿಂತೆ: ಕುಸುಮಬಾಯಿ ಓದಿ, ಇದೇನು ಬರೆದಿದ್ದಾರೆ ಎಂದುಬಿಟ್ಟರೆ ಮನೆಗೆ ಯಾವ ಮುಖ ಹೊತ್ತು ಹೋಗಲಿ?

ಕುಸುಮಬಾಯಿ ಚಿತ್ರಕ್ಕಿಂತ ಚಿಕ್ಕವರಾಗಿ ಕಂಡರು. ಒಮ್ಮೆಲೇ ಪೂರ್ತಿ ಕಾಣಿಸಿದ್ದೇ ನನಗೆ ವಿಚಿತ್ರವೆನಿಸಿತು. ಹಾಳೆಗಳನ್ನು ತೆಗೆದುಕೊಂಡು ಕಿಟಕಿಯ ಹತ್ತಿರ ಕೂತರು. ಅವರು ಕೇಳಿದ ಒಂದು ಪ್ರಶ್ನೆ ಹೀಗಿತ್ತು: ಮೊದಲ ದಿನ ಮಗು ಬಾಗಿಲಲ್ಲೇ ನಿಂತು ಅಳುತ್ತಿದೆ, ತಾಯಿಯ ಸೆರಗು ಬಿಡುತ್ತಿಲ್ಲ, ನೀವು ಏನು ಮಾಡುತ್ತೀರಿ? ಸುಶೀಲಾ ಬರೆದಿದ್ದಳು: ನಾನೂ ಹೋಗಿ ಬಾಗಿಲಲ್ಲೇ ಕೂಡುತ್ತೇನೆ. ಒಳಗೆ ಬಾ ಎಂದು ಕರೆಯುವುದಿಲ್ಲ. ಅದು ಬರುವ ತನಕ ನಮ್ಮ ಶಾಲೆ ಬಾಗಿಲಲ್ಲೇ ನಡೆಯಲಿ.

ಆ ಉತ್ತರಕ್ಕೆ ಬಂದಾಗ ಕುಸುಮಬಾಯಿ ಕನ್ನಡಕ ತೆಗೆದರು, ಸೆರಗಿನಿಂದ ಒರೆಸಿದರು, ಹಾಕಿಕೊಂಡು ಮತ್ತೆ ಓದಿದರು. “ಈ ಪ್ರಶ್ನೆ ನನ್ನ ಮೊದಲ ದಿನದ್ದು,” ಎಂದರು ಮರಾಠಿಯಲ್ಲಿ. “ಆ ಮಗುವನ್ನು ನಾನು ಎತ್ತಿಕೊಂಡು ಒಳಗೆ ತಂದೆ. ಅದು ಇಡೀ ವರ್ಷ ನನ್ನ ಜೊತೆ ಮಾತಾಡಲಿಲ್ಲ. ಸರಿಯಾದದ್ದು ಏನು ಎಂದು ಯಾರಾದರೂ ಹೇಳಲಿ ಅಂತ ಕೇಳಿಟ್ಟೆ. ಯಾರೂ ಉತ್ತರ ಬರೆಯುವುದಿಲ್ಲ ಎಂದು ತಿಳಿದಿದ್ದೆ.” ಎದ್ದು ಡಬ್ಬಿ ತೆಗೆದುಕೊಂಡು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ತಂದುಕೊಟ್ಟಾಗ ಡಬ್ಬಿ ಭಾರವಾಗಿತ್ತು. ತೆರೆದು ನೋಡುವ ಮನಸ್ಸಾಗಲಿಲ್ಲ. ಅದು ನನ್ನ ಡಬ್ಬಿಯಲ್ಲ. ಬಸ್ಸು ಹಂಪು ದಾಟಿದಾಗಲೆಲ್ಲ ತೊಡೆಯ ಮೇಲೆ ಝಲ್ ಝಲ್ ಎನ್ನುತ್ತಿತ್ತು. ಕೇಳುತ್ತ ಕೇಳುತ್ತ ಜೋಂಪು ಹತ್ತಿ, ನನ್ನ ಸ್ಟಾಪು ದಾಟಿ ಹೋಗಿ, ತಿರುಗಿ ನಡೆದು ಬಂದೆ.

ಸುಶೀಲಾ ಮುಚ್ಚಳ ತೆಗೆದಳು. ಒಳಗೆ ಹುಣಸೆಬೀಜ. ಎಷ್ಟೋ ವರ್ಷ ಎಷ್ಟೋ ಪುಟ್ಟ ಕೈಗಳು ಎಣಿಸಿ ಎಣಿಸಿ ನುಣ್ಣಗೆ ಮಾಡಿದ, ಕಪ್ಪಗೆ ಮಿರಿಮಿರಿ ಮಿಂಚುವ ಬೀಜಗಳು. ಮೇಲೊಂದು ಕಾಗದದ ಪೊಟ್ಟಣದಲ್ಲಿ ಒಂದು ಚಮಚ ಸಕ್ಕರೆ. ಅವಳು ಬೀಜಗಳ ನಡುವೆ ಬೆರಳಾಡಿಸಿದಳು. ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡಳು. ಅತ್ತಳು. ನಾನು ಪೇಪರು ಕೈಗೆತ್ತಿಕೊಳ್ಳಲಿಲ್ಲ, ಹತ್ತಿರ ಹೋಗಿ ನಿಂತೆ.

ಮರುದಿನ ಊಟದ ನಂತರ ಮನೆಗೆ ಫೋನು ಹಚ್ಚಿದೆ. ಟೂಂ ಟೂಂ. ಬಹಳ ಹೊತ್ತು ಕಿವಿಗೆ ಹಿಡಿದು ಕೂತೆ.

ಜೂನ್‌ನಲ್ಲಿ ಬಾಲವಾಡಿ ಅವಳದಾಯಿತು. ಸರ್ಟಿಫಿಕೇಟನ್ನು ಸೊಸೈಟಿಯವರು ನೋಡಿ ತಿರುಗಿ ಕೊಟ್ಟರು, ಅದು ಎಲ್ಲಿದೆಯೋ ಈಗ ಗೊತ್ತಿಲ್ಲ. ಹುಣಸೆಬೀಜಗಳು ಮಾತ್ರ ಮೊದಲ ದಿನವೇ ಶಾಲೆಗೆ ಹೋದವು. ಬಾಗಿಲಲ್ಲಿ ಚಾಪೆ ಹಾಸಿಕೊಂಡು, ಅಳುವ ಒಂದು ಮಗುವಿನ ಪಕ್ಕದಲ್ಲಿ ಕೂತು, ಅದರ ಕಡೆ ನೋಡದೆ ತನ್ನ ಪಾಡಿಗೆ ತಾನು ಬೀಜ ಎಣಿಸುತ್ತಿದ್ದ ಸುಶೀಲಾಳನ್ನು ನಾನು ಆಫೀಸಿಗೆ ಹೋಗುವಾಗ ನೋಡಿದೆ. ಕುಸುಮಬಾಯಿ ಆಮೇಲೆ ಎಲ್ಲರ ಉತ್ತರ ಓದಲು ಒಪ್ಪಿದರು. ನಾನು ವಾರಕ್ಕೊಮ್ಮೆ ಹಾಳೆ ಹೊತ್ತು ನಿಗಡಿಗೆ ಹೋಗಿ ಬರುತ್ತಿದ್ದೆ. ಕೆಲವರು ಉಳಿದರು. ಹೋಗುವ ಕಾಗೆಗಳು ಹಾರಿಯೇ ಹೋದವು. ನಾನು ಅವುಗಳ ಜಾತಿಯವನಾದ್ದರಿಂದ ಬೇಜಾರು ಮಾಡಿಕೊಳ್ಳಲಿಲ್ಲ.

ಆ ಮಳೆಗಾಲದ ಒಂದು ಮಧ್ಯಾಹ್ನ ಆಫೀಸಿನ ನಲ್ಲಿಯ ಕೆಳಗೆ ನನ್ನ ಊಟದ ಡಬ್ಬಿ ತೊಳೆಯುತ್ತಿದ್ದೆ. ಮದುವೆಯಾದಾಗಿನಿಂದ ದಿನಾ ತೊಳೆಯುತ್ತಿದ್ದೆ. ತೊಳೆಯುವ ಗಂಡ ಎಂದು ಸ್ವಲ್ಪ ಜಂಬವೂ ಇತ್ತು. ಅಂದು ಆ ಫಳಫಳ ಹೊಳೆಯುವ ಡಬ್ಬಿಯೊಳಗೆ ನೋಡಿದವನ ಕೈ ನಿಂತೇಬಿಟ್ಟಿತು. ದಿನಾ ಬೆಳಿಗ್ಗೆ ರೊಟ್ಟಿ, ಪಲ್ಲೆ, ಮೊಸರನ್ನ, ಅಂಚಿಗೊಂದಿಷ್ಟು ಚಟ್ನಿಪುಡಿ ತುಂಬಿಕೊಂಡು ಬರುವ ಡಬ್ಬಿ. ದಿನಾ ಸಂಜೆ ಖಾಲಿ ಹೋಗುವ ಡಬ್ಬಿ. ಇಷ್ಟು ವರ್ಷ! ಚೆನ್ನಾಗಿತ್ತು ಎಂಬ ಒಂದು ಚಮಚ ಸಕ್ಕರೆಯೂ ಇಲ್ಲದೆ. ಊರವರೆಲ್ಲ ಯಾಕೆ ಬಿಟ್ಟರು ಎಂದು ಕೇಳುತ್ತ ಕೂತ ನನಗೆ, ಇವಳು ಯಾಕೆ ಬಿಡಲಿಲ್ಲ ಎಂದು ಕೇಳಬೇಕೆನಿಸಿರಲಿಲ್ಲ.

ಆಫೀಸಿನ ಕೆಳಗಿನ ಫುಟ್‌ಪಾತಿನ ಮೇಲೆ ಬಕುಳದ ಹೂ ಉದುರಿದ್ದವು. ಬಗ್ಗಿ ಆರಿಸಿದೆ. ಹೋಗಿಬರುವವರು ನೋಡಿ ನಕ್ಕರು. ಡಬ್ಬಿಗೆ ಹಾಕಿ ಮುಚ್ಚಿದೆ.

ಸಂಜೆ ಸುಶೀಲಾ ಎಂದಿನ ಹಾಗೆ ಡಬ್ಬಿ ತೆರೆದಳು. ಒಳಗೆ ನೋಡಿದಳು. ಮೂಗಿನ ಹತ್ತಿರ ಹಿಡಿದು ಸ್ವಲ್ಪ ಹೊತ್ತು ಹಾಗೇ ನಿಂತಳು. ಆಮೇಲೆ ನನ್ನ ಕಡೆ ತಿರುಗಿ, ಅಂದು ಫೋನಿನಲ್ಲಿ ಮಾತಾಡಿದ ಅದೇ ಗಂಭೀರ ದನಿಯಲ್ಲಿ,

“ನಿಮ್ಮ ಉತ್ರಾ ತಲುಪೇತ್ರಿ. ಧನ್ಯವಾದ. ಮುಂದಿನ ಪಾಠಕ್ಕ ಹೋಗ್ರಿ,” ಎಂದು ಮೆಂತ್ಯೆಸೊಪ್ಪಿನ ಕಟ್ಟು ತಂದು ಬಿಡಿಸಲು ನನ್ನ ಮುಂದೆ ಇಟ್ಟಳು.